ಕಾರಿನ ಚೌಕಟ್ಟಿಗೆ ಯಾವ ಪೈಪು? ಒಂದು ನಿಯಮದ ವಿಮರ್ಶೆ

ವಿಮರ್ಶೆ ಎಂದರೆ ಕಥೆ, ಕವಿತೆ, ಕಾದಂಬರಿಗಳಿಗೆ ಸಂಬಂಧಿಸಿದ್ದು ಎಂಬ ಭಾವನೆ ಸಾಮಾನ್ಯ. ಆದರೆ ತಾಂತ್ರಿಕ ನಿಯಮವೂ ಒಂದು ಬರಹವೇ. ಅದನ್ನೂ ಸಾವಧಾನವಾಗಿ ಓದಿ, ಅದು ಏನನ್ನು ಸರಿಯಾಗಿ ಹೇಳಿದೆ, ಎಲ್ಲಿ ಮೌನ ವಹಿಸಿದೆ, ಓದುವವರು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂದು ಕೇಳಬಹುದು. ಅಂಥ ಒಂದು ನಿಯಮವನ್ನು ಇಲ್ಲಿ ಪರಿಶೀಲಿಸೋಣ. ವಿದ್ಯಾರ್ಥಿಗಳು ಕೈಯಾರೆ ಕಟ್ಟುವ ಸಣ್ಣ ವಾಹನದ ಚೌಕಟ್ಟಿಗೆ ಎಂಥ ಉಕ್ಕಿನ ಕೊಳವೆ ಇರಬೇಕೆಂದು ಹೇಳುವ ನಿಯಮ ಅದು.

ಬಾಹಾ ಎಂಬ ಸ್ಪರ್ಧೆಯ ಹೆಸರನ್ನು ನೀವು ಕೇಳಿರಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರೇ ಕೂರುವ, ಗುಡ್ಡ-ಹಳ್ಳಗಳಲ್ಲಿ ಓಡಬಲ್ಲ ವಾಹನವೊಂದನ್ನು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಓಡಿಸುವ ಸ್ಪರ್ಧೆ ಇದು. 1976ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಭಾರತದಲ್ಲಿ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಮೊದಲ ಬಾರಿಗೆ ನಡೆಯಿತು. ಅಲ್ಲಿಂದೀಚೆಗೆ ಕರ್ನಾಟಕದ ಅನೇಕ ಕಾಲೇಜುಗಳ ತಂಡಗಳು ಇಂಥ ವಾಹನಗಳನ್ನು ಕಟ್ಟಿವೆ. ಕೊಳವೆಯ ಚೌಕಟ್ಟು ನಮ್ಮ ನಾಡಿಗೆ ಹೊಸದೂ ಅಲ್ಲ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಒಡಲಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟೇ ಹೊರೆ ಹೊರುತ್ತಿತ್ತು. ಹೊರಮೈ ಬರೀ ಪ್ಲಾಸ್ಟಿಕ್ ಹೊದಿಕೆ.

ಈ ವಿಷಯಕ್ಕೆ ಭಟ್ಕಳ, ಹೊನ್ನಾವರ, ಕುಮಟಾಗಳ ಹಿನ್ನೆಲೆಯನ್ನು ಇಟ್ಟುಕೊಂಡಿದ್ದೇನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ಸಾಲಾಗಿ ನಿಂತ ಊರುಗಳಿವು. ಭಟ್ಕಳದಲ್ಲಿ 1980ರಿಂದ ಇಂಜಿನಿಯರಿಂಗ್ ಕಾಲೇಜು ಇದೆ. ಹೊನ್ನಾವರ, ಕುಮಟಾಗಳಲ್ಲಿ ಬಿ.ಎಸ್ಸಿ. ತರಗತಿಗಳಿವೆ. ಮೂರೂ ಊರುಗಳಲ್ಲಿ ಗೇಟು, ಗ್ರಿಲ್ಲು, ಚಪ್ಪರದ ಕೆಲಸ ಮಾಡುವ ವೆಲ್ಡಿಂಗ್ ಅಂಗಡಿಗಳಿವೆ. ಸೂತ್ರ ಕಲಿಸುವವರು, ವಾಹನ ಕಟ್ಟಬಯಸುವವರು, ಪೈಪು ಬಾಗಿಸುವವರು ಒಂದೇ ರಸ್ತೆಯ ಮೇಲಿದ್ದಾರೆ. ಇವರ ಜ್ಞಾನ ಒಂದೆಡೆ ಸೇರದಿದ್ದರೆ ಏನಾಗುತ್ತದೆ ಎಂಬುದೇ ಈ ಬರಹದ ಕಾಳಜಿ. ಏಕೆಂದರೆ ಆ ಪೈಪುಗಳ ನಡುವೆ ಹೆಲ್ಮೆಟ್ ಹಾಕಿಕೊಂಡು ಕೂರುವುದು ಇಪ್ಪತ್ತರ ಹರೆಯದ ಒಬ್ಬ ವಿದ್ಯಾರ್ಥಿ.

ನಿಯಮ ಹೇಳುವುದೇನು?

ಚಾಲಕನನ್ನು ಸುತ್ತುವರಿದು ಕಾಯುವ ಪಂಜರದ ಮುಖ್ಯ ಕೊಳವೆಗಳಿಗೆ ಬಾಹಾ ನಿಯಮ ಎರಡು ದಾರಿ ತೋರಿಸುತ್ತದೆ. ಮೊದಲನೆಯದು ನೇರವಾದದ್ದು: ಹೊರವ್ಯಾಸ 25.4 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ., ಇಂಗಾಲದ ಅಂಶ ಕನಿಷ್ಠ ಶೇ. 0.18 ಇರುವ ದುಂಡು ಉಕ್ಕಿನ ಕೊಳವೆ. ಎರಡನೆಯದು ಸ್ವಾತಂತ್ರ್ಯ ಕೊಡುವಂಥದ್ದು: ಬೇರೆ ಯಾವುದೇ ಅಳತೆಯ ಉಕ್ಕನ್ನು ಬಳಸಬಹುದು. ಆದರೆ ಅದರ ಬಾಗು ಬಿಗುವು ಮತ್ತು ಬಾಗು ಬಲ ಎರಡೂ ಮೇಲಿನ ಕೊಳವೆಗಿಂತ ಕಡಿಮೆ ಇರಕೂಡದು, ಗೋಡೆ 1.57 ಮಿ.ಮೀ.ಗಿಂತ ತೆಳುವಾಗಿರಕೂಡದು.

ಬಾಗು ಬಿಗುವು ಎಂದರೆ ಹೊರೆ ಬಿದ್ದಾಗ ಎಷ್ಟು ಕಡಿಮೆ ಬಗ್ಗುತ್ತದೆ ಎಂಬುದು. ಉಕ್ಕಿನ ಯಂಗ್ ಗುಣಾಂಕವನ್ನು ಛೇದದ ಜಡತ್ವ ಮಹತ್ವದಿಂದ ಗುಣಿಸಿದರೆ ಇದು ಸಿಗುತ್ತದೆ. ಬಾಗು ಬಲ ಎಂದರೆ ಮತ್ತೆ ನೆಟ್ಟಗಾಗದಂತೆ ಶಾಶ್ವತವಾಗಿ ಬಗ್ಗುವ ಮುನ್ನ ಎಷ್ಟು ಹೊರೆ ತಾಳುತ್ತದೆ ಎಂಬುದು. ಇದಕ್ಕೆ ಉಕ್ಕಿನ ಯೀಲ್ಡ್ ಮಿತಿಯೂ ಬೇಕು. ಲೆಕ್ಕಕ್ಕೆಂದು ನಿಯಮವು ಎಲ್ಲ ಉಕ್ಕುಗಳ ಯಂಗ್ ಗುಣಾಂಕವನ್ನು 205 ಗಿಗಾಪಾಸ್ಕಲ್ ಎಂದೂ, 1018 ಎಂಬ ಸಾಮಾನ್ಯ ಉಕ್ಕಿನ ಯೀಲ್ಡ್ ಮಿತಿಯನ್ನು 365 ಮೆಗಾಪಾಸ್ಕಲ್ ಎಂದೂ ನಿಗದಿ ಮಾಡಿದೆ.

ಎಲ್ಲ ಉಕ್ಕುಗಳಿಗೂ ಒಂದೇ ಯಂಗ್ ಗುಣಾಂಕ! ಈ ನಿಯಮದ ಅತ್ಯುತ್ತಮ ವಾಕ್ಯ ಇದೇ ಎಂದು ನನ್ನ ಅಭಿಪ್ರಾಯ. ಮೆದು ಉಕ್ಕಾಗಲಿ, ದುಬಾರಿ ಕ್ರೋಮೊಲಿ 4130 ಆಗಲಿ, ಒಂದೇ ಅಳತೆಯ ಕೊಳವೆಗಳು ಒಂದೇ ಹೊರೆಗೆ ಒಂದೇ ಪ್ರಮಾಣದಲ್ಲಿ ಬಗ್ಗುತ್ತವೆ. ವ್ಯತ್ಯಾಸ ಇರುವುದು ಯೀಲ್ಡ್ ಮಿತಿಯಲ್ಲಿ. ‘ಒಳ್ಳೆಯ ಸ್ಟೀಲ್ ಹಾಕಿದ್ದೇವೆ, ಆದ್ದರಿಂದ ಚೌಕಟ್ಟು ಅಲುಗುವುದಿಲ್ಲ’ ಎಂಬ ಮಾತು ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಯಮ ಪುಸ್ತಕದ ಆ ಒಂದು ಸಾಲನ್ನು ಗಮನವಿಟ್ಟು ಓದಿದವರು ಅದನ್ನು ಬರೆಯಲಾರರು.

ಹೆಸರಿಗೆ ಸಲ್ಲುವ ಗೌರವ, ಆಕಾರಕ್ಕೆ ಸಲ್ಲಬೇಕಾದದ್ದು

ದುಂಡು ಕೊಳವೆಯ ಛೇದದ ಜಡತ್ವ ಮಹತ್ವವನ್ನು ಕಂಡುಹಿಡಿಯುವುದು ಸುಲಭ. ಹೊರವ್ಯಾಸದ ನಾಲ್ಕನೇ ಘಾತದಿಂದ ಒಳವ್ಯಾಸದ ನಾಲ್ಕನೇ ಘಾತವನ್ನು ಕಳೆಯಿರಿ. ಅದನ್ನು ಪೈಯಿಂದ ಗುಣಿಸಿ 64ರಿಂದ ಭಾಗಿಸಿ. ನಾಲ್ಕನೇ ಘಾತ ಎಂಬುದನ್ನು ಗಮನಿಸಿ. ಮಧ್ಯದಲ್ಲಿರುವ ಲೋಹ ಬಾಗುವಿಕೆಯನ್ನು ತಡೆಯುವುದು ತೀರ ಕಡಿಮೆ, ಅಂಚಿನಲ್ಲಿರುವ ಲೋಹವೇ ಹೆಚ್ಚು ದುಡಿಯುತ್ತದೆ ಎಂಬುದನ್ನು ಈ ಘಾತ ಹೇಳುತ್ತದೆ. ಈಗ ಮೂರು ಸಲಾಕೆಗಳನ್ನು ಹೋಲಿಸೋಣ.

25.4 ಮಿ.ಮೀ. ವ್ಯಾಸದ ಗಟ್ಟಿ ಸರಳು: ಮೀಟರಿಗೆ 3.98 ಕಿ.ಗ್ರಾಂ., ಜಡತ್ವ ಮಹತ್ವ ಸುಮಾರು 20,430 (ಮಿ.ಮೀ.ಯ ನಾಲ್ಕನೇ ಘಾತದಲ್ಲಿ).

25.4 ಮಿ.ಮೀ. ಹೊರವ್ಯಾಸ, 3 ಮಿ.ಮೀ. ಗೋಡೆಯ ಕೊಳವೆ: ಮೀಟರಿಗೆ 1.66 ಕಿ.ಗ್ರಾಂ., ಜಡತ್ವ ಮಹತ್ವ ಸುಮಾರು 13,480.

31.75 ಮಿ.ಮೀ. (ಒಂದೂಕಾಲು ಇಂಚು) ಹೊರವ್ಯಾಸ, 1.6 ಮಿ.ಮೀ. ಗೋಡೆಯ ಕೊಳವೆ: ಮೀಟರಿಗೆ 1.19 ಕಿ.ಗ್ರಾಂ., ಜಡತ್ವ ಮಹತ್ವ ಸುಮಾರು 17,270.

ಎರಡನೆಯದು ಗಟ್ಟಿ ಸರಳಿನ ಶೇ. 42ರಷ್ಟು ಲೋಹದಲ್ಲಿ ಅದರ ಶೇ. 66ರಷ್ಟು ಬಿಗುವನ್ನು ಪಡೆದಿದೆ. ಮೂರನೆಯದು ಎರಡನೆಯದಕ್ಕಿಂತ ಶೇ. 28ರಷ್ಟು ಹಗುರ, ಜೊತೆಗೆ ಶೇ. 28ರಷ್ಟು ಹೆಚ್ಚು ಬಿಗಿ. ಜಡತ್ವ ಮಹತ್ವವನ್ನು ಹೊರತ್ರಿಜ್ಯದಿಂದ ಭಾಗಿಸಿದರೆ ಬಾಗು ಬಲದ ಅಂಶ ಸಿಗುತ್ತದೆ. ಅದು ಕ್ರಮವಾಗಿ 1,061 ಮತ್ತು 1,088 ಘನ ಮಿ.ಮೀ. ಅಂದರೆ ಅದೇ ಉಕ್ಕಿನಲ್ಲಿ ಬಲವೂ ಕಡಿಮೆಯಾಗಲಿಲ್ಲ. ಉಕ್ಕಿನ ಹೆಸರು ಬದಲಾಗದೆ, ಬರೀ ಆಕಾರ ಬದಲಾಗಿ ದೊರೆತ ಲಾಭ ಇದು.

ಘಟ್ಟದ ಮೇಲಿನ, ಕೆಳಗಿನ ಅಡಿಕೆ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಕೊನೆ ಕೊಯ್ಯುವ ದೋಟಿಗೆ ಬಿದಿರನ್ನೇ ಆರಿಸಿದ್ದು ಅದು ಟೊಳ್ಳಾಗಿ, ಹಗುರಾಗಿ, ಆದರೂ ನೆಟ್ಟಗೆ ನಿಲ್ಲುತ್ತದೆ ಎಂದೇ. ಈಚೆಗೆ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಅವು ಕೂಡ ತೆಳು ಗೋಡೆಯ ಕೊಳವೆಗಳೇ. ಅಲ್ಲಿ ವಸ್ತು ಬದಲಾದದ್ದರಿಂದಲೂ ಲಾಭವಾಯಿತು, ಏಕೆಂದರೆ ಬಿದಿರಿನ ಮತ್ತು ಕಾರ್ಬನ್ ಫೈಬರಿನ ಯಂಗ್ ಗುಣಾಂಕಗಳು ಬೇರೆ ಬೇರೆ. ಉಕ್ಕಿನಿಂದ ಉಕ್ಕಿಗೆ ಹೋದಾಗ ಆ ಲಾಭ ಇಲ್ಲ.

ಉದ್ದನೆಯ ಕೊಳವೆಯನ್ನು ಎರಡು ತುದಿಗಳಿಂದ ಒತ್ತಿದಾಗಲೂ ಇದೇ ಕಥೆ. ಒತ್ತಡ ಒಂದು ಮಿತಿ ದಾಟಿದೊಡನೆ ಕೊಳವೆ ಪಕ್ಕಕ್ಕೆ ಬಳುಕಿ ಕುಸಿಯುತ್ತದೆ. ಆಯ್ಲರನ ಸೂತ್ರದಂತೆ, ತುದಿಗಳು ತಿರುಗಬಲ್ಲಂತಿರುವ ಒಂದು ಮೀಟರ್ ಉದ್ದದ 25.4 × 3 ಕೊಳವೆ ಸುಮಾರು 27 ಕಿಲೋನ್ಯೂಟನ್‌ಗೆ ಬಳುಕುತ್ತದೆ. ಆಗ ಲೋಹದಲ್ಲಿರುವ ಪೀಡನ ಕೇವಲ 129 ಮೆಗಾಪಾಸ್ಕಲ್, ಯೀಲ್ಡ್ ಮಿತಿಯ ಅರ್ಧಕ್ಕಿಂತಲೂ ಕಡಿಮೆ. ಇಲ್ಲಿ ಕ್ರೋಮೊಲಿ ಹಾಕಿದರೂ ಅದೇ 27. ಬೆಸುಗೆ ಹಾಕಿದ ತುದಿಗಳು ಸ್ವಲ್ಪ ಹೆಚ್ಚು ತಾಳುತ್ತವೆ, ಆದರೆ ಹೋಲಿಕೆ ಬದಲಾಗುವುದಿಲ್ಲ.

27 ಕಿಲೋನ್ಯೂಟನ್ ದೊಡ್ಡದೋ ಚಿಕ್ಕದೋ? ಚಾಲಕನೂ ಸೇರಿ 250 ಕಿ.ಗ್ರಾಂ. ತೂಗುವ ವಾಹನ ಮಗುಚಿ, ಒಂದು ಮೀಟರ್ ಎತ್ತರದಿಂದ ಪಂಜರದ ಮೇಲೆ ಬಿದ್ದಿತೆನ್ನಿ. ಶಕ್ತಿ 2,450 ಜೂಲ್. ಪಂಜರ 5 ಸೆಂ.ಮೀ. ಕುಗ್ಗಿ ಅದನ್ನು ಹೀರಿಕೊಂಡರೆ ಸರಾಸರಿ ಬಲ 49 ಕಿಲೋನ್ಯೂಟನ್. ಒಂದೇ ಕೊಳವೆಯ ಮೇಲೆ ಬಿದ್ದರೆ ಅದು ಉಳಿಯುವುದಿಲ್ಲ. ಹೊರೆ ಹಲವು ಕೊಳವೆಗಳಿಗೆ ಹಂಚಿಹೋಗುವಂತೆ ತ್ರಿಕೋನಗಳನ್ನು ಕಟ್ಟಬೇಕು, ಆಧಾರವಿಲ್ಲದ ಉದ್ದವನ್ನು ಕಡಿಮೆ ಮಾಡಬೇಕು. ಉದ್ದ ಅರ್ಧವಾದರೆ ಬಳುಕುವ ಹೊರೆ ನಾಲ್ಕು ಪಟ್ಟಾಗುತ್ತದೆ. ಯಾವ ದುಬಾರಿ ಉಕ್ಕೂ ಇಷ್ಟು ಕೊಡಲಾರದು.

ಚೌಕ ಕೊಳವೆಯ ಪಾಠ

ನಿಯಮದಲ್ಲಿ ಇನ್ನೊಂದು ಜಾಣ ಮಾತಿದೆ. ಬಿಗುವು, ಬಲಗಳನ್ನು ಅವು ಅತಿ ಕಡಿಮೆ ಬರುವ ಅಕ್ಷದ ಸುತ್ತ ಲೆಕ್ಕ ಹಾಕಬೇಕು ಎನ್ನುತ್ತದೆ. ದುಂಡು ಕೊಳವೆಗೆ ಈ ಮಾತು ಅನಗತ್ಯ. ಚೌಕ ಕೊಳವೆಗೆ ಇದು ಪ್ರಾಣ.

25.4 ಮಿ.ಮೀ. ಬದಿಯ, 1.6 ಮಿ.ಮೀ. ಗೋಡೆಯ ಚೌಕ ಕೊಳವೆಯ ಜಡತ್ವ ಮಹತ್ವ ಸುಮಾರು 14,445. ನಿಯಮದ ಕೊಳವೆಗಿಂತ ಹೆಚ್ಚು. ಬದಿಗೆ ಸಮಾನಾಂತರವಾಗಿ ಬಗ್ಗಿಸಿದರೆ ಬಲದ ಅಂಶ 1,137 ಘನ ಮಿ.ಮೀ., ಅದೂ ಹೆಚ್ಚು. ಇಷ್ಟಕ್ಕೇ ನಿಲ್ಲಿಸಿದರೆ ಚೌಕ ಕೊಳವೆ ಪಾಸಾಯಿತು. ಆದರೆ ಕರ್ಣದ ದಿಕ್ಕಿನಲ್ಲಿ ಬಗ್ಗಿಸಿ ನೋಡಿ. ಚೌಕದ ಜಡತ್ವ ಮಹತ್ವ ಎಲ್ಲ ದಿಕ್ಕಿನಲ್ಲೂ ಒಂದೇ, ಹಾಗಾಗಿ ಬಿಗುವು ಕಡಿಮೆಯಾಗುವುದಿಲ್ಲ. ಆದರೆ ಅಂಚು ಈಗ 12.7ರ ಬದಲು 17.96 ಮಿ.ಮೀ. ದೂರದಲ್ಲಿದೆ. ಬಲದ ಅಂಶ 804ಕ್ಕೆ ಇಳಿಯಿತು, ಕೊಳವೆ ಫೇಲಾಯಿತು. ಅಪಘಾತದ ಹೊಡೆತ ಯಾವ ದಿಕ್ಕಿನಿಂದ ಬರುತ್ತದೆ ಎಂದು ಮೊದಲೇ ಹೇಳುವವರಾರು? ಅಧ್ಯಾಪಕರೇ, ಬಿಗುವು ಬೇರೆ, ಬಲ ಬೇರೆ ಎಂದು ತೋರಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ.

ಅಂಗಡಿಯಲ್ಲಿ ಸಿಗುವುದೇನು?

ಇಲ್ಲಿಯವರೆಗೆ ನಿಯಮ ಗೆದ್ದಿದೆ. ಈಗ ಅದು ಹಾರ್ಡ್‌ವೇರ್ ಅಂಗಡಿಗೆ ಬಂದಾಗ ಏನಾಗುತ್ತದೆ ನೋಡಿ.

‘ಒಂದಿಂಚಿನ ಪೈಪು ಕೊಡಿ’ ಎಂದರೆ ನೀರಿನ ಪೈಪಿನ ಅಂಗಡಿಯಲ್ಲಿ ಸಿಗುವುದು ಒಳದಾರಿ ಸುಮಾರು ಒಂದಿಂಚು ಇರುವ ಪೈಪು. ಭಾರತೀಯ ಮಾನಕ 1239ರಂತೆ ಅದರ ಹೊರವ್ಯಾಸ ಸುಮಾರು 33.7 ಮಿ.ಮೀ. ಮುಕ್ಕಾಲು ಇಂಚಿನದರ ಹೊರವ್ಯಾಸವೇ ಸುಮಾರು 27 ಮಿ.ಮೀ. ಪೀಠೋಪಕರಣ, ಗ್ರಿಲ್ಲುಗಳ ಪೈಪನ್ನಾದರೋ ಹೊರ ಅಳತೆಯಿಂದ ಕರೆಯುತ್ತಾರೆ. ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಾದಂತೆ ಗೋಡೆ ತೆಳು: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ ಎಂದರೆ ಸುಮಾರು 1.2 ಮಿ.ಮೀ. ಮಾತಿನಲ್ಲಿ ಹೇಳಿದ ಗೇಜನ್ನು ನಂಬದೆ ವರ್ನಿಯರ್ ಕ್ಯಾಲಿಪರ್ಸ್ ಜೇಬಿನಲ್ಲಿಟ್ಟುಕೊಂಡು ಹೋಗುವುದು ಲೇಸು.

ಇನ್ನು ಸತು ಲೇಪಿಸಿದ ಜಿ.ಐ. ಪೈಪು. ನೀರು ಸೋರದಂತೆ ಒಯ್ಯುವುದಕ್ಕೆ ಅದು ತಯಾರಾದದ್ದು, ಮನುಷ್ಯನನ್ನು ಕಾಯುವುದಕ್ಕಲ್ಲ. ಮೇಲಾಗಿ ಲೇಪ ತೆಗೆಯದೆ ಬೆಸುಗೆ ಹಾಕಿದರೆ ಏಳುವ ಸತುವಿನ ಆಕ್ಸೈಡಿನ ಹೊಗೆಯಿಂದ ಜ್ವರ ಬರುತ್ತದೆ, ಬೆಸುಗೆಯೂ ರಂಧ್ರಮಯವಾಗುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಯೀಲ್ಡ್ ಮಿತಿಯ ಪ್ರಶ್ನೆ. ನಿಯಮದ 365 ಎಂಬ ಸಂಖ್ಯೆ ತಣ್ಣಗಿರುವಾಗಲೇ ಎಳೆದು ಗಟ್ಟಿಗೊಳಿಸಿದ 1018 ಉಕ್ಕಿಗೆ ಸಲ್ಲುವಂಥದ್ದು. ಕಟ್ಟಡದ ಕೆಲಸಕ್ಕೆ ಬರುವ ಕೊಳವೆಗಳ ಭಾರತೀಯ ಮಾನಕ 1161ರಲ್ಲಿ 210, 240, 310 ಮೆಗಾಪಾಸ್ಕಲ್ ದರ್ಜೆಗಳಿವೆ. ಅಂಗಡಿಯಿಂದ ತಂದದ್ದು 210ರ ದರ್ಜೆಯ ಪೈಪು, ವರದಿಯಲ್ಲಿ ಬರೆದದ್ದು 365 ಎಂದಾದರೆ ನಿಜವಾದ ಬಲ ಕಾಗದದ ಮೇಲಿನದರ ಶೇ. 58 ಮಾತ್ರ. ಕಣ್ಣಿಗೆ ಎರಡೂ ಒಂದೇ ತರಹ, ತೂಕವೂ ಒಂದೇ. ಬಿಗುವನ್ನು ಅಳೆದರೂ ವ್ಯತ್ಯಾಸ ತಿಳಿಯುವುದಿಲ್ಲ, ಏಕೆಂದರೆ ಯಂಗ್ ಗುಣಾಂಕ ಒಂದೇ! ಆದ್ದರಿಂದ ತಯಾರಕರ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಬೇಕು. ಇಲ್ಲವೇ ಆ ಪೈಪಿನಿಂದಲೇ ತುಂಡೊಂದನ್ನು ಕತ್ತರಿಸಿ ಕಾಲೇಜಿನ ಎಳೆತದ ಯಂತ್ರದಲ್ಲಿ ಪರೀಕ್ಷಿಸಬೇಕು.

ಬಾಗಿಸಿದಾಗ ಆಗುವುದೇನು?

ನಿಯಮದ ಲೆಕ್ಕವೆಲ್ಲ ನೇರ ಕೊಳವೆಯ ಲೆಕ್ಕ. ಚೌಕಟ್ಟಿನಲ್ಲಿ ಮಾತ್ರ ಕೊಳವೆಗಳನ್ನು ಬಾಗಿಸುತ್ತೇವೆ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಸಮಾನತೆಯ ಆ ಲೆಕ್ಕ ಬಾಗಿನ ಜಾಗದಲ್ಲಿ ಉಳಿಯುವ ಗೋಡೆಯ ದಪ್ಪ ಎಷ್ಟೆಂದು ಕೇಳುವುದಿಲ್ಲ.

ಕೊಳವೆ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹೊರಮೈ ಹಿಗ್ಗುವ ಪ್ರಮಾಣ ಸರಿಸುಮಾರು ಕೊಳವೆಯ ವ್ಯಾಸವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟು ಎಂದಿಟ್ಟುಕೊಳ್ಳಿ, ಇದು ವರ್ಕ್‌ಶಾಪಿನಲ್ಲಿ ಸಾಮಾನ್ಯ. ಆಗ ಯಾವ ಕೊಳವೆಯೇ ಆಗಲಿ, ಹೊರಮೈ ಆರನೇ ಒಂದರಷ್ಟು, ಅಂದರೆ ಸುಮಾರು ಶೇ. 17 ಹಿಗ್ಗಬೇಕು. ಲೋಹ ಎಲ್ಲಿಂದಲೋ ಬರಬೇಕಲ್ಲ? ಗೋಡೆ ತೆಳುವಾಗಿ ಅದನ್ನು ಒದಗಿಸುತ್ತದೆ. 3 ಮಿ.ಮೀ. ಗೋಡೆ ಸುಮಾರು 2.6 ಆಗುತ್ತದೆ. 1.6 ಮಿ.ಮೀ. ಗೋಡೆ 1.4ರ ಸಮೀಪಕ್ಕೆ ಇಳಿಯುತ್ತದೆ. ಅಂದರೆ ನೇರ ಭಾಗದಲ್ಲಿ 1.57ರ ಗಡಿಯನ್ನು ಪಾಲಿಸಿದ ಕೊಳವೆ ಬಾಗಿನಲ್ಲಿ ಅದಕ್ಕಿಂತ ಕೆಳಗಿಳಿದಿದೆ. ತ್ರಿಜ್ಯವನ್ನು ವ್ಯಾಸದ ಐದು ಪಟ್ಟು ಮಾಡಿದರೆ ಹಿಗ್ಗುವಿಕೆ ಶೇ. 10ಕ್ಕೆ ಇಳಿಯುತ್ತದೆ.

ಹೀಗೆ ಹಿಗ್ಗಿದ ಉಕ್ಕು ಮೊದಲಿಗಿಂತ ಗಡಸಾಗುತ್ತದೆ ಎಂಬುದು ನಿಜ. ಆದರೆ ಮುಂದೆ ಇನ್ನಷ್ಟು ಹಿಗ್ಗುವ ಅದರ ಶಕ್ತಿಯ ಒಂದು ಪಾಲು ಬಾಗಿಸುವಾಗಲೇ ಖರ್ಚಾಗಿಹೋಯಿತು. ಅಪಘಾತದಲ್ಲಿ ತುಂಡಾಗದೆ ಮಣಿದು ಶಕ್ತಿ ಹೀರಬೇಕಾದಾಗ ಬೇಕಾಗುವುದು ಅದೇ ಉಳಿತಾಯ.

ಎರಡನೆಯ ದೋಷ ಚಪ್ಪಟೆಯಾಗುವುದು. ದುಂಡು ಛೇದ ಅಂಡಾಕಾರಕ್ಕೆ ತಿರುಗುತ್ತದೆ. ಎತ್ತರ ಶೇ. 10 ಕುಗ್ಗಿದರೆ ಆ ದಿಕ್ಕಿನ ಜಡತ್ವ ಮಹತ್ವ ಸುಮಾರು ಶೇ. 15 ಇಳಿಯುತ್ತದೆ. ಬಿದಿರು ಈ ಸಮಸ್ಯೆಯನ್ನು ಗೆಣ್ಣುಗಳಿಂದ ಬಗೆಹರಿಸಿಕೊಂಡಿದೆ. ಪ್ರತಿ ಗೆಣ್ಣಿನ ಅಡ್ಡತೆರೆ ಕೊಳವೆ ಚಪ್ಪಟೆಯಾಗದಂತೆ ಹಿಡಿದಿಡುತ್ತದೆ. ಉಕ್ಕಿನ ಕೊಳವೆಗೆ ಗೆಣ್ಣಿಲ್ಲ. ಅದಕ್ಕಾಗಿ ಒಳಗೆ ಮ್ಯಾಂಡ್ರೆಲ್ ಎಂಬ ಆಧಾರವಿಟ್ಟು, ಹೊರಗೆ ಕೊಳವೆಯ ಅರ್ಧಭಾಗ ಸರಿಯಾಗಿ ಕೂರುವ ತೋಡಿನ ಡೈ ಸುತ್ತ ಸುತ್ತಿಸುವ ಯಂತ್ರಗಳು ಬಂದವು. ಎರಡು ರೋಲರುಗಳ ಮೇಲೆ ಪೈಪನ್ನಿಟ್ಟು ನಡುವೆ ಜಾಕಿನಿಂದ ಒತ್ತುವ ಅಗ್ಗದ ಬೆಂಡರು ನೀರಿನ ದಪ್ಪ ಪೈಪಿಗೆ ತಕ್ಕದ್ದು. ತೆಳು ಗೋಡೆಯ ಚೌಕಟ್ಟಿನ ಕೊಳವೆಯನ್ನು ಅದಕ್ಕೆ ಕೊಟ್ಟರೆ ಒಳಬದಿಯಲ್ಲಿ ಸುಕ್ಕು, ಹೊರಬದಿಯಲ್ಲಿ ಚಪ್ಪಟೆ ಎರಡೂ ಕಾಣುತ್ತವೆ.

ಮರಳು ತುಂಬಿ, ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದು ನಮ್ಮ ಅಂಗಡಿಗಳ ಹಳೆಯ ಉಪಾಯ. ಗೇಟಿಗೆ ಅದು ಸೊಗಸಾದ ಕೆಲಸವೇ. ಆದರೆ ತಣ್ಣಗೆ ಎಳೆದು ಸಂಪಾದಿಸಿದ್ದ ಯೀಲ್ಡ್ ಮಿತಿ ಕೆಂಪು ಕಾವಿನಲ್ಲಿ ಕರಗಿಹೋಗುತ್ತದೆ. 365 ಅಲ್ಲಿ ಇನ್ನು 365 ಆಗಿರುವುದಿಲ್ಲ. ಬೆಸುಗೆಯ ಪಕ್ಕದ ಲೋಹಕ್ಕೂ ಇದೇ ಗತಿ. ದುರದೃಷ್ಟವಶಾತ್ ಬಾಗು ಹೊರೆ ಅತಿ ಹೆಚ್ಚಾಗುವುದು ಸಾಮಾನ್ಯವಾಗಿ ಕೀಲುಗಳಲ್ಲಿಯೇ.

ಉದ್ದಕ್ಕೂ ಬೆಸುಗೆಯ ಗೆರೆಯಿರುವ ಇ.ಆರ್.ಡಬ್ಲ್ಯೂ. ಕೊಳವೆಯನ್ನು ಬಾಗಿಸುವಾಗ ಆ ಗೆರೆ ಹೊರಮೈಗಾಗಲಿ ಒಳಮೈಗಾಗಲಿ ಬರದಂತೆ ಪಕ್ಕಕ್ಕೆ ಇಡಬೇಕು. ಹಿಗ್ಗದ, ಕುಗ್ಗದ ಮಧ್ಯರೇಖೆ ಇರುವುದು ಅಲ್ಲಿ. ಇನ್ನು ಬಾಗಿಸಿ ಬಿಟ್ಟ ಮೇಲೆ ಕೊಳವೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. 25.4 × 3ರ ಕೊಳವೆಯನ್ನು 100 ಮಿ.ಮೀ. ತ್ರಿಜ್ಯಕ್ಕೆ 90 ಡಿಗ್ರಿ ಬಾಗಿಸಿದರೆ 365ರ ಉಕ್ಕು ಸುಮಾರು 2 ಡಿಗ್ರಿ, 210ರ ಉಕ್ಕು ಸುಮಾರು 1 ಡಿಗ್ರಿ ಹಿಂದಿರುಗುತ್ತದೆ. ತ್ರಿಜ್ಯ 300 ಮಿ.ಮೀ. ಆದರೆ 365ರ ಉಕ್ಕು 5 ಡಿಗ್ರಿಗೂ ಹೆಚ್ಚು ಹಿಂದಿರುಗುತ್ತದೆ. ಯೀಲ್ಡ್ ಮಿತಿ ಹೆಚ್ಚಿದ್ದಷ್ಟೂ, ಬಾಗು ಅಗಲವಾದಷ್ಟೂ ಹಿಂದಿರುಗುವಿಕೆ ಹೆಚ್ಚು. ಅಳತೆಗೆ ಕೂರದ ಕೊಳವೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವ ಬದಲು ಮೊದಲೇ ಒಂದು ತುಂಡನ್ನು ಬಾಗಿಸಿ ನೋಡಿ ಲೆಕ್ಕ ಮಾಡಿಕೊಳ್ಳಬೇಕು.

ಬಾಗಿದ ಕೊಳವೆ ಹೊರೆ ಹೊತ್ತಾಗ

ಬಾಗನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಇನ್ನೊಂದು ಸಮಸ್ಯೆ ಉಳಿಯುತ್ತದೆ. 25.4 × 3ರ ನೇರ ಕೊಳವೆಯೊಂದನ್ನು ತುದಿಯಿಂದ ತುದಿಗೆ 10 ಕಿಲೋನ್ಯೂಟನ್ ಬಲದಿಂದ ಒತ್ತಿ. ಪೀಡನ ಸುಮಾರು 47 ಮೆಗಾಪಾಸ್ಕಲ್. ಅದೇ ಕೊಳವೆ ನಡುವೆ 50 ಮಿ.ಮೀ. ಪಕ್ಕಕ್ಕೆ ಬಾಗಿದ್ದರೆ? ಬಲದ ರೇಖೆಯಿಂದ 50 ಮಿ.ಮೀ. ದೂರ ಎಂದರೆ 500 ನ್ಯೂಟನ್-ಮೀಟರ್ ಬಾಗು ಭ್ರಾಮಕ. ಅದರಿಂದ ಬರುವ ಪೀಡನ 471 ಮೆಗಾಪಾಸ್ಕಲ್. ಎರಡೂ ಸೇರಿ 518. ನೇರ ಕೊಳವೆಯ ಹನ್ನೊಂದು ಪಟ್ಟು, 365ರ ಮಿತಿಯನ್ನು ದಾಟಿ ಮುಂದೆ!

ನೋಡಲು ಅಂದವೆಂದು, ಇಲ್ಲವೇ ಇಂಜಿನ್ನಿಗೆ ಜಾಗ ಬೇಕೆಂದು ಕೊಟ್ಟ ಒಂದು ಬಾಗಿನ ಬೆಲೆ ಇದು. ಆದ್ದರಿಂದಲೇ ಫಾರ್ಮುಲಾ ವಿದ್ಯಾರ್ಥಿ ಸ್ಪರ್ಧೆಗಳ ನಿಯಮದಲ್ಲಿ, ಚಾಲಕನ ತಲೆ ಕಾಯುವ ಕಮಾನುಗಳನ್ನು ಬಿಟ್ಟು ಬೇರೆಡೆ ಬಾಗಿದ ಮುಖ್ಯ ಕೊಳವೆ ಇದ್ದರೆ ಅದಕ್ಕೆ ಆಸರೆಯಾಗಿ ಇನ್ನೊಂದು ಕೊಳವೆ ಕೊಡಬೇಕೆಂದಿದೆ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನ ವಿನ್ಯಾಸಕರು ತೆಳು ನೇರ ಕೊಳವೆಗಳ ತ್ರಿಕೋನಗಳನ್ನು ಬಿಟ್ಟುಕೊಡಲು ಒಪ್ಪದೆ, ಪಕ್ಕದ ಚೌಕಟ್ಟು ಎತ್ತರವಾದ್ದರಿಂದ ಬಾಗಿಲುಗಳನ್ನೇ ಮೇಲಕ್ಕೆ ತೆರೆಯುವಂತೆ ಮಾಡಿದರು. 1996ರಲ್ಲಿ ಇಂಗ್ಲೆಂಡಿನ ರಾನ್ ಚಾಂಪಿಯನ್ ಬರೆದ, ಮನೆಯಲ್ಲೇ ಕಾರು ಕಟ್ಟುವ ಪುಸ್ತಕವೂ ಬಹುಪಾಲು ನೇರ ಚೌಕ ಕೊಳವೆಗಳನ್ನೇ ನೆಚ್ಚಿಕೊಂಡಿತು. ಗರಗಸ ಮತ್ತು ಬೆಸುಗೆ ಯಂತ್ರ ಇದ್ದವರಿಗೆ ಅದು ಸರಿಯಾದ ಸಲಹೆ. ಬೆಂಡಿಂಗ್ ಯಂತ್ರ ಸಿಗದ ಊರಿನಲ್ಲಿ ನೇರ ಕೊಳವೆಯೇ ಭೌತಶಾಸ್ತ್ರಕ್ಕೂ ಒಪ್ಪಿಗೆಯಾದ ಉತ್ತರ.

ಕರಾವಳಿಯ ತೆರಿಗೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಗಾಳಿಯಲ್ಲಿ ಉಪ್ಪು. ಮೀನುಗಾರಿಕೆ ಬಂದರುಗಳ ಹತ್ತಿರದ ಯಾವ ಕಬ್ಬಿಣದ ಗೇಟನ್ನು ಕೇಳಿದರೂ ಅದು ತನ್ನ ಕಥೆ ಹೇಳುತ್ತದೆ. ತುಕ್ಕು 0.3 ಮಿ.ಮೀ. ತಿಂದರೆ 3 ಮಿ.ಮೀ. ಗೋಡೆ ಕಳೆದುಕೊಳ್ಳುವುದು ಶೇ. 10. 1.6 ಮಿ.ಮೀ. ಗೋಡೆ ಕಳೆದುಕೊಳ್ಳುವುದು ಸುಮಾರು ಶೇ. 19. ತೆಳು ಗೋಡೆ, ದೊಡ್ಡ ವ್ಯಾಸ ಎಂಬ ಜಾಣ್ಮೆ ಇಲ್ಲಿ ಹೆಚ್ಚು ತೆರಿಗೆ ಕಟ್ಟುತ್ತದೆ. ಬಾಗಿನಲ್ಲಿ ಮೊದಲೇ ತೆಳುವಾದ ಜಾಗಕ್ಕೆ ಈ ತೆರಿಗೆ ಇನ್ನೂ ದುಬಾರಿ.

ಹೊರಗಿನ ತುಕ್ಕು ಕಾಣುತ್ತದೆ, ಬಣ್ಣ ಬಳಿಯುತ್ತೇವೆ. ಒಳಗಿನದು ಕಾಣುವುದಿಲ್ಲ. ಎರಡೂ ತುದಿ ಪೂರ್ತಿ ಮುಚ್ಚಿದ ಕೊಳವೆಯೊಳಗೆ ಇರುವ ಆಮ್ಲಜನಕ, ತೇವ ಮುಗಿದೊಡನೆ ತುಕ್ಕು ನಿಲ್ಲುತ್ತದೆ. ಬೋಲ್ಟಿಗೆಂದು, ಗೋಡೆಯ ದಪ್ಪ ಅಳೆಯಲೆಂದು ಕೊರೆದು ಮುಚ್ಚದೆ ಬಿಟ್ಟ ರಂಧ್ರದಿಂದ ಉಪ್ಪುಗಾಳಿ ಉಸಿರಾಡುತ್ತಲೇ ಇರುತ್ತದೆ. ಆದ್ದರಿಂದ ಈ ಭಾಗದ ತಂಡಗಳಿಗೆ ನನ್ನ ಸಲಹೆ: ಕನಿಷ್ಠ ದಪ್ಪಕ್ಕೆ ಅಂಟಿಕೊಳ್ಳಬೇಡಿ. 2 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಗೋಡೆ ಆರಿಸಿ, ತೂಕವನ್ನು ಬೇರೆಡೆ ಉಳಿಸಿ. ತುದಿಗಳನ್ನೂ ರಂಧ್ರಗಳನ್ನೂ ಮುಚ್ಚಿ. ಹೋದ ವರ್ಷದ ಚೌಕಟ್ಟನ್ನು ಈ ವರ್ಷ ಮತ್ತೆ ಬಳಸುವ ಮುನ್ನ ಗೋಡೆ ಅಳೆಯಿರಿ.

ಬಣ್ಣದ ಚಿತ್ರ ಮತ್ತು ನಮ್ಮ ಪ್ರಯೋಗಾಲಯ

ಈಗ ಪ್ರಾಜೆಕ್ಟ್ ವರದಿಗಳ ವಿಷಯ. ಚೌಕಟ್ಟನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಹೊರೆ ಹಾಕಿ, ನೀಲಿಯಿಂದ ಕೆಂಪಿನವರೆಗೆ ಬಣ್ಣ ಬಳಿದ ಚಿತ್ರವನ್ನು ಅಂಟಿಸುವುದು ರೂಢಿಯಾಗಿದೆ. ಆ ವಿಧಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾವು ಹೇಳಿದ್ದನ್ನೇ ಅದು ನಂಬುತ್ತದೆ. ಎಲ್ಲೆಡೆ ಗೋಡೆ 3 ಮಿ.ಮೀ., ಛೇದ ದುಂಡು, ಯೀಲ್ಡ್ ಮಿತಿ 365, ಕೀಲುಗಳು ಪರಿಪೂರ್ಣ ಎಂದು ನಾವು ಹೇಳಿರುತ್ತೇವೆ. ಬಾಗಿನ ತೆಳುಗೋಡೆ, ಚಪ್ಪಟೆ ಛೇದ, ಬೆಸುಗೆಯ ಪಕ್ಕದ ಮೆದು ಲೋಹ, ಒಳಗಿನ ತುಕ್ಕು ಇವು ಯಾವುವೂ ಆ ಚಿತ್ರದಲ್ಲಿಲ್ಲ. ಚಿತ್ರ ಹಸಿರಾಗಿದೆ ಎಂಬುದು ಚೌಕಟ್ಟು ಗಟ್ಟಿ ಎಂಬುದಕ್ಕೆ ಪುರಾವೆಯಾಗದು.

ದೋಷ ವಿದ್ಯಾರ್ಥಿಗಳದ್ದಷ್ಟೇ ಅಲ್ಲ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ನಾವು ಗುಂಡುಸೂಜಿ ಮತ್ತು ಚಲಿಸುವ ಸೂಕ್ಷ್ಮದರ್ಶಕದಿಂದ ಪಟ್ಟಿಯೊಂದರ ಯಂಗ್ ಗುಣಾಂಕ ಅಳೆಯಿಸುತ್ತೇವೆ. ಅಗಲ, ದಪ್ಪಗಳನ್ನು ಸೂತ್ರಕ್ಕೆ ಹಾಕಿ ಉತ್ತರ ಬಂದರೆ ಸಾಕು. ಉತ್ತರ ಪುಸ್ತಕದ ಬೆಲೆಗೆ ಹತ್ತಿರವಿದ್ದರೆ ಅಂಕ. ಆಕಾರ ಬದಲಾದರೆ ಬಾಗುವಿಕೆ ಹೇಗೆ ಬದಲಾಗುತ್ತದೆ ಎಂಬ, ಬದುಕಿಗೆ ಬೇಕಾದ ಪ್ರಶ್ನೆಯನ್ನು ಆ ಪ್ರಯೋಗ ಕೇಳುವುದೇ ಇಲ್ಲ.

ಹೀಗೆ ಮಾಡಿ ನೋಡಿ. ವೆಲ್ಡಿಂಗ್ ಅಂಗಡಿಯಿಂದ 25.4 × 3 ಮತ್ತು 31.75 × 1.6 ಅಳತೆಯ, ಒಂದು ಮೀಟರಿಗಿಂತ ತುಸು ಉದ್ದದ ಎರಡು ತುಂಡು ತನ್ನಿ. ಮೊದಲು ತೂಗಿ. ಒಂದು ತುದಿಯನ್ನು ಗಟ್ಟಿಯಾದ ವೈಸಿನಲ್ಲಿ ಬಿಗಿದು, ಸರಿಯಾಗಿ ಒಂದು ಮೀಟರ್ ದೂರದಲ್ಲಿ 10 ಕಿ.ಗ್ರಾಂ. ತೂಗುಹಾಕಿ. ಮೊದಲನೆಯದು ಸುಮಾರು 11.8 ಮಿ.ಮೀ., ಎರಡನೆಯದು ಸುಮಾರು 9.2 ಮಿ.ಮೀ. ಬಗ್ಗಬೇಕು. ಸೂಕ್ಷ್ಮದರ್ಶಕ ಬೇಡ, ಮರದ ಸ್ಕೇಲು ಸಾಕು. ಹಗುರವಾದದ್ದು ಕಡಿಮೆ ಬಗ್ಗಿದ್ದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ನಾಲ್ಕನೇ ಘಾತವನ್ನು ಮರೆಯಲಾರ. ಹೆಚ್ಚು ಬಗ್ಗಿದರೆ ಇನ್ನೂ ಒಳ್ಳೆಯದು. ವೈಸು ಸಡಿಲವೋ, ಗೋಡೆ ಹೇಳಿದ್ದಕ್ಕಿಂತ ತೆಳುವೋ ಎಂದು ಹುಡುಕಲಿ.

ಎರಡನೆಯ ಪ್ರಯೋಗಕ್ಕೆ ಬಾಗಿಸಿದ ಒಂದು ತುಂಡು ಬೇಕು. ಬಾಗಿನ ನಡುಮಧ್ಯೆ ಗರಗಸದಿಂದ ಕೊಯ್ದು, ಹೊರಮೈ, ಒಳಮೈ, ಪಕ್ಕಗಳ ದಪ್ಪವನ್ನೂ ಎರಡು ವ್ಯಾಸಗಳನ್ನೂ ವರ್ನಿಯರಿನಿಂದ ಅಳೆದು, ಹೊಸ ಜಡತ್ವ ಮಹತ್ವವನ್ನು ಲೆಕ್ಕ ಹಾಕಿಸಿ. ಬಾಹಾದಂಥ ಸ್ಪರ್ಧೆಗಳಲ್ಲಿ ತಂಡಗಳು ತಮ್ಮ ಬೆಸುಗೆಯ ಮಾದರಿಯನ್ನು ಮುರಿದು, ಕೊಯ್ದು ತೋರಿಸುವ ಪದ್ಧತಿ ಇದೆ. ಬಾಗಿನ ಮಾದರಿಗೂ ಅದೇ ಪದ್ಧತಿ ಬರಲಿ ಎಂಬುದು ನಿಯಮ ಮಾಡುವವರಿಗೆ ನನ್ನ ಸೂಚನೆ. ಅವರು ತರುವವರೆಗೆ ಕಾಯಬೇಕಿಲ್ಲ, ಪ್ರಾಜೆಕ್ಟ್ ಮಾರ್ಗದರ್ಶಕರು ಇಂದೇ ಕೇಳಬಹುದು.

ಕೊನೆಯಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಕಟ್ಟಿದ ವಾಹನವನ್ನು ಹೆದ್ದಾರಿಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಯಲ್ಲಿ ಓಡುವಂತಿಲ್ಲ. ಇಂಥವನ್ನು ಖಾಸಗಿ ಮೈದಾನದಲ್ಲಿ, ಸ್ಪರ್ಧೆಯ ಆವರಣದಲ್ಲಿ, ಬೆಲ್ಟು-ಹೆಲ್ಮೆಟ್ಟುಗಳೊಡನೆ ಮಾತ್ರ ಓಡಿಸಬೇಕು.

ಒಟ್ಟಿನಲ್ಲಿ ಈ ನಿಯಮ ಚೊಕ್ಕವಾದ ಬರಹ. ಎಲ್ಲ ಉಕ್ಕುಗಳ ಬಿಗುವು ಒಂದೇ ಎಂದು ನೇರವಾಗಿ ಹೇಳುವ, ದುರ್ಬಲ ದಿಕ್ಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುವ ಅದರ ಪುಟವನ್ನು ಪಠ್ಯವಾಗಿಯೇ ಓದಿಸಬಹುದು. ಆದರೆ ಅದು ನೇರವಾದ, ಹೊಸದಾದ, ಬೆಸುಗೆ ಕಾಣದ ಕೊಳವೆಯ ಬಗ್ಗೆ ಮಾತಾಡುತ್ತದೆ. ವಾಹನದಲ್ಲಿ ಇರುವುದು ಬಾಗಿದ, ಬೆಸೆದ, ಮಳೆಗೆ ನೆನೆದ ಕೊಳವೆ. ಇವೆರಡರ ನಡುವಿನ ಅಂತರವನ್ನು ಅಳೆಯಲು ಬೇಕಾದ ಸಲಕರಣೆ ಒಂದು ಗರಗಸ, ಒಂದು ವರ್ನಿಯರ್, 10 ಕಿ.ಗ್ರಾಂ. ತೂಕ. ಇವು ನಮ್ಮ ಪ್ರತಿ ಕಾಲೇಜಿನಲ್ಲೂ ಇವೆ.